ಇರುವೆ ಬಿಟ್ಟ ಗೆರೆ

"ಅದು ಉಲ್ಟಾ."

ದೊಡ್ಡಪ್ಪ ಕೈಯಲ್ಲಿದ್ದ ವೈರನ್ನು ಹಾಗೆಯೇ ಹಿಡಿದು ನಿಂತರು. ತಿರುಗಿ ನೋಡಲಿಲ್ಲ. ಮೂರು ವಾರದಿಂದ ಯಾರು ಏನು ಕೇಳಿದರೂ ತುಟಿ ಪಿಟಕ್ಕೆನ್ನದ ಹುಡುಗಿ ಶೆಡ್ಡಿನ ಬಾಗಿಲಿಗೆ ಬಂದು ಎರಡು ಮಾತು ಆಡಿದ್ದಳು. ಈಗ ತಿರುಗಿದರೆ ಮೂರನೆಯದು ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

"ಯಾವುದು ಉಲ್ಟಾ?" ಎಂದು ಮೇಜನ್ನೇ ಕೇಳಿದರು.

"ಬ್ಯಾಟರಿ ವೈರು. ಕೆಂಪು ಆ ಕಡೆ. ಹಾಗೇ ಚುಚ್ಚಿದ್ರೆ ಬೋರ್ಡು ಸುಟ್ಟುಹೋಗುತ್ತೆ."

"ಸುಡಲಿ ಬಿಡು. ಹೇಗೂ ಗುಜರಿಗೆ ಹಾಕೋ ಸಾಮಾನು."

ಮಿಣುಕು ಮೂರೇ ಹೆಜ್ಜೆಯಲ್ಲಿ ಬಂದು ವೈರನ್ನು ಅವರ ಕೈಯಿಂದ ಕಿತ್ತುಕೊಂಡಳು. ದೊಡ್ಡಪ್ಪನಿಗೆ ಬೇಕಾಗಿದ್ದೂ ಅದೇ. ಮೂವತ್ತನಾಲ್ಕು ವರ್ಷ ಪೊಲೀಸ್ ಇಲಾಖೆಯ ಪತ್ತೆ ವಿಭಾಗದಲ್ಲಿ ಸವೆದ ಮನುಷ್ಯನಿಗೆ ಕೆಂಪು ಯಾವುದು, ಕಪ್ಪು ಯಾವುದು ತಿಳಿಯದೇ? ಹಿಡಿದರೆ ಬಿಡುವುದಿಲ್ಲವೆಂದು ಇಲಾಖೆಯವರು ಅವರಿಗೆ ಜಿಗಣೆ ಎಂದು ಹೆಸರಿಟ್ಟಿದ್ದರು. ಆ ಜಿಗಣೆ ಅರ್ಧ ಗಂಟೆಯಿಂದ ವೈರನ್ನು ಬೇಕೆಂದೇ ತಿರುಗುಮುರುಗಾಗಿ ಹಿಡಿದು, ಬಾಗಿಲ ಕಡೆ ಕಿವಿಯಿಟ್ಟು ಕಾದಿತ್ತು.

ಮೇಜಿನ ಮೇಲೆ ಇರುವೆ ಅಂಗಾತ ಮಲಗಿತ್ತು. ಹೆಸರು ಇರುವೆ, ತೂಕ ನಲವತ್ತು ಕಿಲೋ. ನೆಲದ ಮೇಲಿನ ಕಪ್ಪು ಗೆರೆಯನ್ನು ತಾನೇ ಹುಡುಕಿಕೊಂಡು, ಬೆನ್ನ ಮೇಲೆ ಹೊರೆ ಹೊತ್ತು ನಡೆಯುವ ರೋಬೋ. ಸ್ಪರ್ಧೆಗೆಂದು ಮಿಣುಕು ಮತ್ತು ಅವಳಪ್ಪ ಎರಡು ವರ್ಷ ಕೂತು ಕಟ್ಟಿದ್ದು. ಮೂರು ವಾರದ ಹಿಂದೆ ಅದು ಏಳನೆಯ ತಿರುವಿನಲ್ಲಿ ಗೆರೆ ಬಿಟ್ಟು, ನೇರ ಹೋಗಿ ಒಂದು ಏಣಿಗೆ ಗುದ್ದಿತು. ಏಣಿಯ ಮೇಲೆ ಅವಳಪ್ಪ, ಅಂದರೆ ದೊಡ್ಡಪ್ಪನ ಒಬ್ಬನೇ ತಮ್ಮ, ಕಿಟಕಿಗೆ ಪರದೆ ಸಿಕ್ಕಿಸುತ್ತಿದ್ದ. ಬಿದ್ದವನಿಗೆ ಮತ್ತೆ ಎಚ್ಚರ ಬರಲಿಲ್ಲ. ಎರಡನೆಯ ದಿನ ಹೋದ.

ಏಕೆ ಹೀಗಾಯಿತೆಂದು ಸ್ಪರ್ಧಾ ಸಮಿತಿ ಕೇಳಿತ್ತು. ಮಿಣುಕು ತಾನೇ ಉತ್ತರ ಬರೆದು, ಪ್ರತಿಯನ್ನು ನಿನ್ನೆಯೇ ಕಳಿಸಿ, ಇವತ್ತು ನಾಲ್ಕು ಗಂಟೆಗೆ ಬಂದು ಸಹಿ ಹಾಕುತ್ತೇನೆಂದು ತಿಳಿಸಿಬಿಟ್ಟಿದ್ದಳು. ಆ ಕಾಗದದ ಮೂಲ ಈಗ ದೊಡ್ಡಪ್ಪನ ಅಂಗಿಯ ಜೇಬಿನಲ್ಲಿತ್ತು. ಮೂರೇ ಸಾಲು. ಸ್ಪರ್ಧೆಯ ದಿನ ಬೆಳಿಗ್ಗೆ ಅಪ್ಪ ಬೇಡವೆಂದರೂ ಕೇಳದೆ ಮೂರನೆಯ ಸೆನ್ಸರಿಗೆ ನಾನು ಹೊಸ ಬೆಸುಗೆ ಹಾಕಿದೆ. ಆ ಬೆಸುಗೆ ಕೈಕೊಟ್ಟಿತು. ಅಪ್ಪನ ಸಾವಿಗೆ ನಾನೇ ಕಾರಣ.

ಅವರ ಕೈಗೆ ಬಂದಿದ್ದ ತಪ್ಪೊಪ್ಪಿಗೆಗಳು ಒಂದೆರಡಲ್ಲ. ಇಷ್ಟು ಚಿಕ್ಕದನ್ನು, ಇಷ್ಟು ದುಂಡಾದ ಅಕ್ಷರದಲ್ಲಿ ಬರೆದದ್ದನ್ನು ಅವರು ನೋಡಿರಲಿಲ್ಲ. ಇಪ್ಪತ್ತು ವರ್ಷದ ಹುಡುಗಿ. ಕಾಲೇಜಿಗೆ ಇನ್ನು ಬರುವುದಿಲ್ಲವೆಂದು ಬರೆದು ಕಳಿಸಿದ್ದಳು. ಅಪ್ಪನ ಸ್ಕ್ರೂಡ್ರೈವರು, ಇಕ್ಕಳ, ಬೆಸುಗೆ ಕಡ್ಡಿ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಗೇಟಿನ ಹತ್ತಿರ ಇಟ್ಟಿದ್ದಳು. ಚೀಲವನ್ನು ದೊಡ್ಡಪ್ಪ ಕದ್ದು ಒಳಗೆ ತಂದಿದ್ದರು. ಆ ಸಹಿ ಬಿತ್ತೆಂದರೆ ಹುಡುಗಿ ಕೈಬಿಟ್ಟು ಹೋದಂತೆ ಎಂದು ಅವರಿಗೆ ಅನ್ನಿಸಿತ್ತು.

ಬೆಳಿಗ್ಗೆ ಅವರು ಬಂದಾಗ ನಾದಿನಿ, ಅಂದರೆ ಮಿಣುಕುವಿನ ಅಮ್ಮ, ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಹೊಲಿಯುತ್ತಿರಲಿಲ್ಲ. ಕೂತಿದ್ದಳು ಅಷ್ಟೆ. ಗಂಡ ಹೋದ ಮೇಲೆ ಅವಳು ಅವರ ಹತ್ತಿರ ಕೇಳಿದ್ದು ಒಂದೇ ಒಂದು.

"ಭಾವ, ಇದರ ಹಿಂದೆ ಯಾರ ಕೈ ಇದ್ರೂ ಸರಿ, ನೀವು ಬಿಡಬಾರದು. ನನ್ನ ಮಗಳು ಈ ಭಾರ ಹೊತ್ಕೊಂಡು ಬದುಕೋಕಾಗಲ್ಲ."

ಬಿಡುವುದಿಲ್ಲವೆಂದು ಅವರು ಮಾತು ಕೊಟ್ಟು ಶೆಡ್ಡಿಗೆ ಬಂದಿದ್ದರು.

ಮಿಣುಕು ಎಂಬುದು ಮನೆಯ ಹೆಸರು. ಮೂರು ವರ್ಷದವಳಿದ್ದಾಗ ಟಾರ್ಚು ಬಿಚ್ಚಿ, ಅದರ ಬಲ್ಬನ್ನು ಬಾಯಿಗೆ ಹಾಕಿಕೊಂಡು ಇಡೀ ಮನೆಯನ್ನು ಕುಣಿಸಿದ್ದಳು. ಅಂದಿನಿಂದ ಅವಳು ಮಿಣುಕು. ಈಗ ಅವಳ ಮುಖದಲ್ಲಿ ಆ ಹೆಸರಿಗೆ ತಕ್ಕದ್ದು ಏನೂ ಉಳಿದಿರಲಿಲ್ಲ. ಆದರೆ ಬೆರಳುಗಳು ಮರೆತಿರಲಿಲ್ಲ. ಕೆಂಪು ಆ ಕಡೆ, ಕಪ್ಪು ಈ ಕಡೆ, ಚಕ್ಕನೆ ಚುಚ್ಚಿ ಸ್ವಿಚ್ಚು ಒತ್ತಿದಳು. ಇರುವೆಯ ಹೊಟ್ಟೆಯಲ್ಲಿ ಏನೋ ಗುಂಯ್‌ಗುಟ್ಟಿತು.

"ಇದರ ಕಣ್ಣು ಎಲ್ಲಿದೆ ತೋರಿಸು," ಎಂದರು ದೊಡ್ಡಪ್ಪ.

ಹೊಟ್ಟೆಯ ಮುಂಭಾಗದಲ್ಲಿ ಒಂದು ಪಟ್ಟಿ, ಪಟ್ಟಿಯಲ್ಲಿ ಸಾಲಾಗಿ ಎಂಟು ಕರಿ ಚುಕ್ಕೆ, ಎಂಟು ಸೆನ್ಸರು. ಒಂದೊಂದರಲ್ಲೂ ಒಂದು ಪುಟ್ಟ ದೀಪ, ಒಂದು ಪುಟ್ಟ ಕಣ್ಣು. ದೀಪದ ಬೆಳಕು ನಮಗೆ ಕಾಣುವುದಿಲ್ಲವಂತೆ. ಆ ಬೆಳಕು ಬಿಳಿ ನೆಲಕ್ಕೆ ಬಿದ್ದರೆ ಪುಟಿದು ವಾಪಸ್ಸು ಬರುತ್ತದೆ. ಕಪ್ಪು ಗೆರೆಗೆ ಬಿದ್ದರೆ ಗೆರೆ ಅದನ್ನು ನುಂಗಿಬಿಡುತ್ತದೆ. ಯಾವ ಕಣ್ಣಿಗೆ ಬೆಳಕು ವಾಪಸ್ಸು ಬರಲಿಲ್ಲವೋ ಅದರ ಕೆಳಗೆ ಗೆರೆ ಇದೆಯೆಂದು ಇರುವೆ ತಿಳಿಯುತ್ತದೆ. ಅವಳು ಇಷ್ಟನ್ನು ಗಿಣಿಪಾಠದ ಹಾಗೆ, ನೆಲ ನೋಡಿಕೊಂಡು ಒಪ್ಪಿಸಿದಳು.

"ಕಾಣದ ದೀಪ ಉರೀತಿದೆ ಅಂತ ನಾನು ಹೇಗೆ ನಂಬಲಿ?"

"ನಿಮ್ಮ ಫೋನಿನ ಕ್ಯಾಮೆರಾದಲ್ಲಿ ನೋಡಿ. ಹಳೇ ಫೋನಲ್ಲಿ ಕಾಣುತ್ತೆ."

ಅವರ ಫೋನು ಹಳೆಯದು. ಹೊಸದು ಕೊಡಿಸುತ್ತೇನೆಂದು ತಮ್ಮ ಎಷ್ಟೋ ಸಲ ರೇಗಿಸಿದ್ದ. ಅದನ್ನು ಪಟ್ಟಿಯ ಮೇಲೆ ಹಿಡಿದಾಗ ಪರದೆಯಲ್ಲಿ ನೇರಳೆ ಬಣ್ಣದ ಚುಕ್ಕೆಗಳು ಸಾಲಾಗಿ ಮೂಡಿದವು. ದೊಡ್ಡಪ್ಪ ಬೆರಳಿಟ್ಟು ಎಣಿಸಿದರು. ಎಂಟು.

"ಮೂರನೆಯದೂ ಉರೀತಿದೆಯಲ್ಲೇ."

"ಈಗ ಉರೀತಿದೆ. ಬೆಸುಗೆ ಸಡಿಲ ಇದ್ರೆ ಅಲುಗಾಡಿದಾಗ ಮಾತ್ರ ಕೈಕೊಡುತ್ತೆ."

"ಹಾಗಾದ್ರೆ ಅಲುಗಾಡಿಸು."

ಅವಳು ಒಪ್ಪಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡಳು. ದೊಡ್ಡಪ್ಪ ಗೋಣಿಚೀಲದಿಂದ ಒಂದು ಸುತ್ತಿಗೆ ತೆಗೆದು, ಇದರಲ್ಲಿ ಹೊಡೆಯಲಾ ಎಂದು ಮುಗ್ಧರ ಹಾಗೆ ಕೇಳಿದರು. ಅಯ್ಯೋ ದೊಡ್ಡಪ್ಪ ಎಂದು ಅವಳು ಬಾಯಿಬಿಟ್ಟು ನಕ್ಕೇಬಿಡುತ್ತಿದ್ದಳೇನೋ. ನಗು ಅರ್ಧಕ್ಕೆ ಬಂದು ನಿಂತಿತು. ಸುತ್ತಿಗೆ ಕಿತ್ತಿಟ್ಟು, ಸ್ಕ್ರೂಡ್ರೈವರಿನ ಮರದ ಹಿಡಿ ತೆಗೆದುಕೊಂಡಳು.

ಅಪ್ಪನ ಕ್ರಮ ಒಂದೇ: ಒಂದು ಸಲಕ್ಕೆ ಒಂದನ್ನೇ ಮುಟ್ಟಬೇಕು, ಮುಟ್ಟಿದ್ದನ್ನು ಬರೆಯಬೇಕು. ಎರಡು ಕಡೆ ಕೈಹಾಕಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ದೇವರಿಗೂ ತಿಳಿಯುವುದಿಲ್ಲ ಎಂದು ಅವನು ಹೇಳುತ್ತಿದ್ದ. ಲೇತ್ ಯಂತ್ರದ ಮುಂದೆ ಜೀವನ ಕಳೆದವನ ತಾಳ್ಮೆ ಅದು. ಮಿಣುಕು ಆ ಕ್ರಮ ಬಿಡಲಿಲ್ಲ. ಬಿಳಿ ಹಾಳೆ ಹಿಡಿದಳು. ದೊಡ್ಡಪ್ಪ ಕಣ್ಣಿನ ಪಟ್ಟಿಗೆ ಜೋಡಿಸಿದ ಪುಟ್ಟ ಪರದೆಯಲ್ಲಿ ಬಂದ ಸಂಖ್ಯೆ ಬರೆದುಕೊಂಡರು. ಕಪ್ಪು ಟೇಪು ಅಂಟಿಸಿದ ಹಾಳೆ ಹಿಡಿದಳು, ಮತ್ತೆ ಬರೆದುಕೊಂಡರು. ಎಂಟು ಕಣ್ಣಿಗೂ ಬಿಳಿಯೆಂದರೆ ಅರವತ್ತರಿಂದ ಎಂಬತ್ತು, ಕಪ್ಪೆಂದರೆ ಒಂಬೈನೂರರ ಮೇಲೆ.

ಆಮೇಲೆ ಮೂರನೆಯ ಸೆನ್ಸರಿನ ಬೆಸುಗೆಯ ಮೇಲೆ ಮರದ ಹಿಡಿಯಿಂದ ತಟ್ಟತೊಡಗಿದಳು. ಒಂಬೈನೂರ ಹದಿನಾಲ್ಕು. ತಟ್ಟಿದಳು. ಒಂಬೈನೂರ ಹದಿನಾಲ್ಕು. ವೈರನ್ನು ಎಳೆದಳು, ತಿರುಚಿದಳು. ಒಂಬೈನೂರ ಹದಿನೈದು. ನೂರು ಸಲ ತಟ್ಟಿರಬೇಕು. ಕೊನೆಕೊನೆಗೆ ಅದು ಪರೀಕ್ಷೆಯಾಗಿ ಉಳಿದಿರಲಿಲ್ಲ. ಕೈಕೊಡು, ಒಂದೇ ಒಂದು ಸಲ ಕೈಕೊಡು ಎಂದು ಬೇಡಿಕೊಂಡ ಹಾಗಿತ್ತು.

ಬೆಸುಗೆ ಕದಲಲಿಲ್ಲ.

ಅವಳು ಹಿಡಿಯನ್ನು ಕೆಳಗಿಟ್ಟು, ಅಪ್ಪನ ಸ್ಟೂಲಿನ ಮೇಲೆ ಕುಸಿದು ಕೂತಳು. "ಹಾಗಾದ್ರೆ ಯಾಕೆ ದೊಡ್ಡಪ್ಪ?" ಎಂದಳು. ಮೂರು ವಾರದಿಂದ ತಡೆದಿದ್ದ ಅಳು ಆಗ ಬಂತು. ತಾನೇ ತಪ್ಪು ಮಾಡಿದೆನೆಂಬ ಒಂದು ಆಸರೆಯಾದರೂ ಇಷ್ಟು ದಿನ ಅವಳಿಗಿತ್ತು. ಈಗ ಅದೂ ಹೋಯಿತು. ದೊಡ್ಡಪ್ಪ ಅವಳ ತಲೆಯ ಮೇಲೆ ಕೈಯಿಟ್ಟು ನಿಂತರು. ತಮ್ಮನ ತಲೆಯೂ ಇಷ್ಟೇ ದುಂಡಗಿತ್ತು. ಅಳು ಮುಗಿಯಲಿ ಎಂದು ಕಾದರು.

ನಂತರ ಕೇಳಿದ್ದು ಸಣ್ಣ ಪ್ರಶ್ನೆ. ಆ ದಿನದ ಓಟದಲ್ಲಿ ಇರುವೆ ಏನು ನೋಡಿತು ಎನ್ನುವುದಕ್ಕೆ ಲೆಕ್ಕವೇನಾದರೂ ಇದೆಯೇ?

ಇತ್ತು. ಇರುವೆ ಸೆಕೆಂಡಿಗೆ ಹತ್ತು ಸಲ ಎಂಟೂ ಕಣ್ಣಿನ ಸಂಖ್ಯೆಯನ್ನು ತನ್ನೊಳಗೆ ಬರೆದಿಟ್ಟುಕೊಳ್ಳುತ್ತಿತ್ತು. ಮಿಣುಕು ಒಮ್ಮೆ ತೆಗೆದು ನೋಡಿದ್ದಳು. ಏಳನೆಯ ತಿರುವಿನಲ್ಲಿ ಎಂಟರಲ್ಲಿ ಒಂದಕ್ಕೂ ಗೆರೆ ಕಂಡಿರಲಿಲ್ಲ. ಮೂರನೆಯದು ಶಾರ್ಟ್ ಆದರೆ ಎಂಟೂ ಸಾಯುತ್ತವೆ, ಏಕೆಂದರೆ ವೈರು ಒಂದೇ. ಅಲ್ಲಿಗೇ ಅವಳು ಮುಚ್ಚಿಟ್ಟುಬಿಟ್ಟಿದ್ದಳು.

ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತು ಒಂದೊಂದೇ ಸಾಲು ಓದಿದರು. ಏನೂ ತಿಳಿಯದವನಿಗೆ ಇರುವ ಅನುಕೂಲ ಅದು, ಎಲ್ಲವನ್ನೂ ಓದಬೇಕಾಗುತ್ತದೆ.

"ಸೆನ್ಸರು ಸತ್ತರೆ ಎಷ್ಟು ಬರುತ್ತೆ?"

"ಸೊನ್ನೆ."

"ಇಲ್ಲಿ ಎಪ್ಪತ್ತೊಂದು, ಅರವತ್ತೆಂಟು, ಎಂಬತ್ತು, ಎಪ್ಪತ್ತೇಳು ಅಂತಿದೆಯಲ್ಲಮ್ಮ. ಸೊನ್ನೆ ಎಲ್ಲಿದೆ?"

ಮಿಣುಕು ಕಣ್ಣೊರೆಸಿಕೊಂಡು ಬಗ್ಗಿದಳು. ಸಾಲುಗಳ ಮೇಲೆ ಬೆರಳು ಓಡಿಸಿದಳು.

"ಇದು ಬಿಳಿ ಹಾಳೆ ಮೇಲೆ ಬರೋ ಸಂಖ್ಯೆ," ಎಂದಳು ನಿಧಾನಕ್ಕೆ. "ಇರುವೆ ಸತ್ತಿರಲಿಲ್ಲ. ನೋಡ್ತಾನೇ ಇತ್ತು. ಆದ್ರೆ ಅಲ್ಲಿ ಗೆರೆ ಇತ್ತಲ್ಲ ದೊಡ್ಡಪ್ಪ. ಎಲ್ಲರೂ ನೋಡಿದ್ದಾರೆ, ವಿಡಿಯೋದಲ್ಲೂ ಇದೆ. ಕಪ್ಪಗೆ, ಎದ್ದು ಕಾಣ್ತಿದೆ."

ದೊಡ್ಡಪ್ಪ ಎದ್ದು ಅಂಗಿ ಕೊಡವಿಕೊಂಡರು. ಗೆರೆ ಇತ್ತು ಎಂದು ನೂರು ಜನ ಹೇಳುತ್ತಾರೆ, ಇರುವೆಯೆಂಬ ಒಂದೇ ಸಾಕ್ಷಿ ಇರಲಿಲ್ಲ ಎನ್ನುತ್ತದೆ. ಒಬ್ಬಂಟಿ ಎಂಬ ಕಾರಣಕ್ಕೆ ಅವರು ಯಾವ ಸಾಕ್ಷಿಯನ್ನೂ ಹಿಂದಕ್ಕೆ ಕಳಿಸಿದವರಲ್ಲ.

"ಕಣ್ಣಿನ ಪಟ್ಟಿ ಬಿಚ್ಚಿ ಚೀಲಕ್ಕೆ ಹಾಕ್ಕೋ. ಆ ಜಾಗ ನೋಡಿ ಬರೋಣ."

ಅವರು ಹೊರಡುವಾಗ ನಾದಿನಿ ಬಾಗಿಲಿಗೆ ಬಂದಳು. ಮಗಳು ಚೀಲ ಹೆಗಲಿಗೆ ಹಾಕಿಕೊಂಡಿದ್ದನ್ನು ಕಂಡು ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ, ಎಲ್ಲಿಗೆ ಎಂದು ಕೇಳುವುದನ್ನೂ ಮರೆತಳು.

*

ಕ್ರೀಡಾಂಗಣದ ಒಳಾಂಗಣ ಖಾಲಿಯಿತ್ತು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಎತ್ತರದ ಕಿಟಕಿಯ ಪರದೆ ಅರ್ಧ ಮಾತ್ರ ಸಿಕ್ಕಿಸಿದಂತೆಯೇ ಇತ್ತು, ಉಳಿದರ್ಧ ಇಳಿಬಿದ್ದಿತ್ತು. ಅದನ್ನು ಮುಟ್ಟಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಏಳನೆಯ ತಿರುವಿನ ಮೇಲೆ ಬಿಸಿಲು ಬಿದ್ದರೆ ಇರುವೆಗೆ ಕಣ್ಣು ಕೋರೈಸುತ್ತದೆಯೆಂದು ಆ ದಿನ ಮಗಳಿಗಾಗಿ ತಮ್ಮ ಏಣಿ ಹತ್ತಿದ್ದ. ನಾದಿನಿ ಒಂದೇ ರಾತ್ರಿಯಲ್ಲಿ ಪರದೆ ಹೊಲಿದು ಕೊಟ್ಟಿದ್ದಳು. ಮಿಣುಕು ಆ ಕಡೆ ತಲೆಯೆತ್ತಲಿಲ್ಲ.

ಗ್ಯಾಲರಿಯ ಮೆಟ್ಟಿಲ ಕೆಳಗಿನ ಉಗ್ರಾಣದಲ್ಲಿ ಟೇಪ್ ಸಾಹೇಬರು ಸಿಕ್ಕರು. ಗೆರೆ ಹಾಕಿಸುವುದು, ಅಳೆಯುವುದು, ಓಟ ಶುರುಮಾಡುವ ಗಂಟೆ ಬಾರಿಸುವುದು ಎಲ್ಲ ಅವರ ಜವಾಬ್ದಾರಿ. ಸೊಂಟದಲ್ಲಿ ಸದಾ ಉಕ್ಕಿನ ಅಳತೆ ಟೇಪು. ಕುರ್ಚಿ ಕೊಟ್ಟರೆ ಕೂರುವ ಮೊದಲು ಅದರ ಎತ್ತರ ಅಳೆಯುತ್ತಾರೆಂದು ಹುಡುಗರು ಆಡಿಕೊಳ್ಳುತ್ತಿದ್ದರು.

ದೊಡ್ಡಪ್ಪನ ಪಟ್ಟಿಯಲ್ಲಿ ಮೊದಲ ಸಂಶಯ ಇದೇ ಮನುಷ್ಯನ ಮೇಲಿತ್ತು, ಅದಕ್ಕೆ ಕಾರಣವೂ ಇತ್ತು. ಓಟದ ಹಾಸು, ಅಂದರೆ ಕಪ್ಪು ಟೇಪು ಅಂಟಿಸಿ ಗೆರೆ ಹಾಕಿದ ಆ ದೊಡ್ಡ ಬಿಳಿ ಪ್ಲಾಸ್ಟಿಕ್ ಹಾಳೆ ಎಲ್ಲಿ ಎಂದು ಕೇಳಿದರೆ ಮೊದಲ ವಾರ ವಾಪಸ್ಸು ಕಳಿಸಿದೆ ಎಂದಿದ್ದರು. ಎರಡನೆಯ ವಾರ ಹರಿದುಹೋಯಿತು ಎಂದಿದ್ದರು. ಮೂರನೆಯ ವಾರ ಫೋನೇ ಎತ್ತಿರಲಿಲ್ಲ. ಸಾಲದ್ದಕ್ಕೆ, ಆಮೇಲೆ ಬೇರೆ ಹಾಸಿನ ಮೇಲೆ ನಡೆದ ಸ್ಪರ್ಧೆಯಲ್ಲಿ ಗೆದ್ದದ್ದು ಅವರ ಅಕ್ಕನ ಮಗನ ತಂಡ.

ಹಾಸು ಅಲ್ಲೇ ಇತ್ತು. ಸುರುಳಿ ಸುತ್ತಿ, ಹಗ್ಗ ಕಟ್ಟಿ, ಮೇಲೆ ನಾಲ್ಕು ಹಳೆಯ ಬೆಂಚು ಹೇರಿದ್ದರು. ದೊಡ್ಡಪ್ಪ ಮಾತಿಲ್ಲದೆ ಒಂದು ಬೆಂಚು ಎತ್ತಿ ಪಕ್ಕಕ್ಕಿಟ್ಟರು. ಟೇಪ್ ಸಾಹೇಬರು ಎದುರಿಗೆ ಬಂದು ನಿಂತರು.

"ಇದನ್ನ ಬಿಚ್ಚಬೇಡಿ ಸಾರ್."

"ಹರಿದುಹೋಗಿತ್ತಲ್ಲ?"

"ಕೈಮುಗೀತೀನಿ. ಈ ಹುಡುಗಿ ಮುಂದೆ ಬೇಡ."

ತಪ್ಪಿತಸ್ಥರ ಬಾಯಲ್ಲಿ ಈ ಮಾತನ್ನು ದೊಡ್ಡಪ್ಪ ಬೇಕಾದಷ್ಟು ಕೇಳಿದ್ದರು. ಅವರ ಒಳಗೆ ಹಳೆಯ ಸಿಟ್ಟು ಎದ್ದಿತು. ಉಳಿದ ಮೂರು ಬೆಂಚನ್ನೂ ಎತ್ತಿಟ್ಟು, ಹಗ್ಗ ಬಿಚ್ಚಿ, ಸುರುಳಿಯನ್ನು ಒಬ್ಬರೇ ನೆಲದುದ್ದಕ್ಕೂ ಉರುಳಿಸಿದರು. ಟೇಪ್ ಸಾಹೇಬರು ಸಹಾಯಕ್ಕೂ ಬರಲಿಲ್ಲ, ತಡೆಯಲೂ ಇಲ್ಲ.

ಮಿಣುಕು ಮಂಡಿಯೂರಿ ಕೂತಳು. ಕಣ್ಣಿನ ಪಟ್ಟಿಗೆ ಬ್ಯಾಟರಿ ಸಿಕ್ಕಿಸಿ, ಅಪ್ಪ ಮಾಡುತ್ತಿದ್ದಂತೆಯೇ ಗೆರೆಯ ಮೇಲೆ ಎರಡು ರಟ್ಟಿನ ಚೂರಿನಷ್ಟು ಎತ್ತರದಲ್ಲಿ ಹಿಡಿದು, ಏಳನೆಯ ತಿರುವಿನ ಕಡೆ ಸರಿಸುತ್ತಾ ಸಂಖ್ಯೆ ಹೇಳತೊಡಗಿದಳು.

"ಒಂಬೈನೂರ ಹತ್ತು. ಒಂಬೈನೂರ ನಾಲ್ಕು. ಒಂಬೈನೂರ ಹನ್ನೆರಡು. ಒಂಬೈನೂರ ಎಂಟು."

ದನಿ ನಿಂತಿತು.

"ಎಂಬತ್ತು."

ಹಿಂದಕ್ಕೆಳೆದಳು. ಒಂಬೈನೂರು. ಮುಂದಕ್ಕೆ ತಂದಳು. ಎಪ್ಪತ್ತೆಂಟು. ದೊಡ್ಡಪ್ಪ ಬಗ್ಗಿ ನೋಡಿದರು. ಗೆರೆ ಎಲ್ಲಿಯೂ ಕಡಿದಿರಲಿಲ್ಲ. ಇತ್ತ ಎಷ್ಟು ಕಪ್ಪೋ ಅತ್ತಲೂ ಅಷ್ಟೇ ಕಪ್ಪು. ಮಿಣುಕು ಪಟ್ಟಿಯನ್ನು ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿಕೊಂಡು ಗೆರೆಯ ಮೇಲೆ ಬೆರಳಾಡಿಸಿದಳು. ಟೇಪಿನ ದಪ್ಪ ಬೆರಳಿಗೆ ಸಿಕ್ಕುತ್ತಾ ಬಂದು, ಒಂದು ಕಡೆ ಇಳಿಯಿತು. ಅಲ್ಲಿಂದ ಒಂದು ಗೇಣು ಬರೀ ನುಣುಪು. ಮತ್ತೆ ಟೇಪು.

"ಇಲ್ಲಿ ಟೇಪೇ ಇಲ್ಲ ದೊಡ್ಡಪ್ಪ. ಕಿತ್ತುಹೋಗಿದೆ. ಯಾರೋ ಪೆನ್ನಲ್ಲಿ ತುಂಬಿದ್ದಾರೆ. ಬೋರ್ಡ್ ಮೇಲೆ ಬರೆಯೋ ದಪ್ಪ ಪೆನ್ನು." ಅವಳ ಉಸಿರು ಜೋರಾಗಿತ್ತು. "ಈ ಇಂಕು ನಮ್ಮ ಕಣ್ಣಿಗೆ ಮಾತ್ರ ಕಪ್ಪು. ಇರುವೆ ಬೆಳಕು ಇದನ್ನ ದಾಟಿ ಕೆಳಗಿರೋ ಬಿಳಿಗೆ ಬಿದ್ದು ವಾಪಸ್ ಬರುತ್ತೆ. ಅದರ ಪಾಲಿಗೆ ಇಲ್ಲಿ ಗೆರೆನೇ ಇಲ್ಲ."

ಗೆರೆ ಕಾಣದಿದ್ದರೆ ಇರುವೆ ಏನು ಮಾಡಬೇಕು ಎಂದು ದೊಡ್ಡಪ್ಪ ಕೇಳಿದರು. ಸ್ವಲ್ಪ ದೂರ ನೇರ ಹೋಗಬೇಕು ಎಂದಳು. ಸ್ಪರ್ಧೆಯ ಗೆರೆಯಲ್ಲಿ ಬೇಕೆಂದೇ ಅಲ್ಲಲ್ಲಿ ಬಿಡುವು ಬಿಟ್ಟಿರುತ್ತಾರೆ. ದಾಟಿದರೆ ಮತ್ತೆ ಸಿಗುತ್ತದೆ. ತಿರುವಿನಲ್ಲಿ ಬಿಡುವು ಇರಬಾರದೆಂಬುದು ನಿಯಮ. ಇರುವೆ ಹೇಳಿಕೊಟ್ಟಂತೆ ನೇರ ಹೋಗಿತ್ತು. ಎದುರಿಗೆ ಏಣಿ ಇತ್ತು.

ಮಿಣುಕು ನೆಲಕ್ಕೆ ಅಂಗೈ ಊರಿ ತಲೆ ತಗ್ಗಿಸಿದಳು. "ಅಪ್ಪಾ, ನನ್ನ ಬೆಸುಗೆ ಸರಿ ಇತ್ತು," ಎಂದು ಹಾಸಿನ ಮೇಲಿನ ಗೆರೆಗೆ ಹೇಳಿದಳು. ಅತ್ತಳು, ನಕ್ಕಳು, ಮತ್ತೆ ಅತ್ತಳು. ಆ ಮುಖದಲ್ಲಿ ಮೂರು ವಾರದ ಮೇಲೆ ಏನೋ ಮಿಣುಗಿದ್ದನ್ನು ಕಂಡು ದೊಡ್ಡಪ್ಪನ ಎದೆ ಹಗುರಾಯಿತು. ಜೇಬಿನಿಂದ ಆ ಮೂರು ಸಾಲಿನ ಕಾಗದ ತೆಗೆದು ನಾಲ್ಕಾಗಿ ಹರಿದರು.

ಆಮೇಲೆ ಟೇಪ್ ಸಾಹೇಬರ ತೋಳು ಹಿಡಿದು ಮೆಟ್ಟಿಲ ಮರೆಗೆ ಕರೆದೊಯ್ದರು. ಹಿಡಿತ ಮೃದುವಾಗಿರಲಿಲ್ಲ.

"ಪೆನ್ನು ಯಾರದು?"

"ನನ್ನದು."

"ಇದು ಗೊತ್ತಿದ್ದೂ ಹಾಸು ಮುಚ್ಚಿಟ್ರಿ. ಅಕ್ಕನ ಮಗ ಗೆಲ್ಲಲಿ ಅಂತಾನಾ?"

ಟೇಪ್ ಸಾಹೇಬರು ಬಿಡಿಸಿಕೊಳ್ಳಲು ನೋಡಲಿಲ್ಲ. "ಪೆನ್ನು ನನ್ನದು ಸಾರ್," ಎಂದರು. "ಕೈ ನನ್ನದಲ್ಲ."

ಅವರು ಹೇಳಿದ್ದು ಇಷ್ಟು. ಆ ದಿನ ಪರದೆಗಾಗಿ ಏಣಿ ಎಳೆದು ತರುವಾಗ ಅದರ ಕಾಲಿಗೆ ಸಿಕ್ಕಿ ಒಂದು ಗೇಣು ಟೇಪು ಕಿತ್ತುಬಂತು. ಹುಡುಕಿದರೆ ಟೇಪಿನ ಸುರುಳಿ ಖಾಲಿ. ಗಂಟೆ ಬಾರಿಸಲು ಐದು ನಿಮಿಷ ಉಳಿದಿತ್ತು. ಮಿಣುಕು ಹೊರಗೆ ಇರುವೆಯನ್ನು ಸಿದ್ಧಮಾಡುತ್ತಿದ್ದಳು, ಜನರನ್ನು ಇನ್ನೂ ಒಳಗೆ ಬಿಟ್ಟಿರಲಿಲ್ಲ. ತಮ್ಮ ಆಗಲೇ ಏಣಿಯ ಮೇಲಿದ್ದ. ಮೇಲಿನಿಂದಲೇ, ಕಪ್ಪಗೆ ಏನಾದರೂ ಇದ್ದರೆ ತುಂಬಿಬಿಡಿ ಎಂದ. ಟೇಪ್ ಸಾಹೇಬರು ಜೇಬಿನಲ್ಲಿದ್ದ ಪೆನ್ನು ಕೊಟ್ಟು ಗಂಟೆಯ ಹತ್ತಿರ ಹೋದರು. ಇಂಕಿನ ವಿಷಯ ತನಗಾದರೂ ಹೊಳೆಯಬೇಕಿತ್ತು, ಕಣ್ಣಿಗೆ ಕಪ್ಪು ಕಂಡಿತೆಂದು ಬಿಟ್ಟುಬಿಟ್ಟೆ ಎಂದರು. ಹೊಳೆದದ್ದು ಸಂಜೆ, ಎಲ್ಲ ಮುಗಿದ ಮೇಲೆ.

"ಯಾರ ಕೈಗೆ ಕೊಟ್ರಿ?"

ಟೇಪ್ ಸಾಹೇಬರು ಸೊಂಟದ ಅಳತೆ ಟೇಪನ್ನು ಒಂದು ಗೇಣು ಎಳೆದು, ಮತ್ತೆ ಒಳಕ್ಕೆ ಬಿಟ್ಟರು.

"ಯಾರ ಕೈಗೆ ಅಂತ ಕೇಳಿದೆ."

"ನಿಮ್ಮ ತಮ್ಮನ ಹೆಂಡತಿ ಕೈಗೆ. ಆ ತಾಯಿ ನೆಲದ ಮೇಲೆ ಕೂತು, ಅಂಚು ಒಂಚೂರೂ ಆಚೀಚೆ ಆಗದ ಹಾಗೆ ತುಂಬಿದ್ರು. ನಿಮ್ಮ ತಮ್ಮ ಏಣಿ ಮೇಲಿಂದ ಬಗ್ಗಿ ನೋಡಿ, ಭೇಷ್ ಅಂದ್ರು. ಆ ತಾಯಿ ನಕ್ಕೊಂಡು ಪೆನ್ನು ವಾಪಸ್ ಕೊಟ್ಟು, ಪರದೆಯ ಇನ್ನೊಂದು ತುಂಡು ತರೋಕೆ ಒಳಗೆ ಹೋದ್ರು."

ದೊಡ್ಡಪ್ಪನ ಕೈ ತಾನಾಗಿ ಸಡಿಲವಾಯಿತು. ಪಕ್ಕದ ಮೆಟ್ಟಿಲ ಮೇಲೆ ಕೂತರು.

ಮೊದಲು ಮನೆಯವರನ್ನು ವಿಚಾರಿಸು ಎಂದು ಇಲಾಖೆಗೆ ಹೊಸದಾಗಿ ಬಂದವರಿಗೆಲ್ಲ ಪಾಠ ಹೇಳಿದವರು ಅವರು. ಈ ಸಲ ಹದಿನೇಳು ಜನರ ಹೇಳಿಕೆ ಬರೆದುಕೊಂಡಿದ್ದರು. ಬಾಗಿಲು ಕಾಯುವವನನ್ನೂ ಬಿಟ್ಟಿರಲಿಲ್ಲ. ನಾದಿನಿಯನ್ನು ಮಾತ್ರ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಗಂಡನನ್ನು ಕಳೆದುಕೊಂಡವಳನ್ನು ಏನೆಂದು ಕೇಳುವುದು ಎಂದು ಸುಮ್ಮನಿದ್ದರು. ಅವಳಾದರೂ ಏನು ಹೇಳುತ್ತಿದ್ದಳು? ಕಪ್ಪು ಗೆರೆಯನ್ನು ಕಪ್ಪು ಪೆನ್ನಿನಿಂದ ತುಂಬಿದ್ದು ಹೇಳಬೇಕಾದ ಸಂಗತಿಯೆಂದು ಯಾರಿಗೆ ತೋಚುತ್ತದೆ?

"ಅವರಿಗೆ ಗೊತ್ತಿಲ್ಲ ಸಾರ್," ಎಂದರು ಟೇಪ್ ಸಾಹೇಬರು. "ಗೊತ್ತಾಗೋದೂ ಬೇಡ ಅಂತಲೇ ಹಾಸು ಮುಚ್ಚಿಟ್ಟೆ. ಮಷೀನು ಕೆಟ್ಟಿತ್ತು ಅಂತ ಬರೆದು ಸಮಿತಿಯವರು ಕಡತ ಮುಗಿಸ್ತಾರೆ ಅಂದ್ಕೊಂಡಿದ್ದೆ. ಈ ಮಗು ತನ್ನ ಮೇಲೆ ಹಾಕ್ಕೊಳ್ಳುತ್ತೆ ಅಂತ ಅಂದ್ಕೊಂಡಿರಲಿಲ್ಲ. ನಿನ್ನೆ ಆ ಕಾಗದ ನೋಡಿದ ಮೇಲೆ ನನಗೆ ಊಟ ಸೇರಿಲ್ಲ."

ಆಚೆ ಹಾಸಿನ ಮೇಲೆ ಮಿಣುಕು ಎದ್ದು ನಿಂತಿದ್ದಳು. ಸಂಖ್ಯೆಗಳನ್ನು ಅಪ್ಪನ ಪುಸ್ತಕದಲ್ಲಿ ಬರೆಯುತ್ತಿದ್ದಳು, ಒಂದರ ಕೆಳಗೊಂದು.

ಮಗಳ ತಲೆಯಿಂದ ಇಳಿಸಿದ ಭಾರ ಹೋಗಿ ಬೀಳುವುದು ತಾಯಿಯ ತಲೆಯ ಮೇಲೆ. ಹುಡುಗಿ ಇಪ್ಪತ್ತರವಳು, ಹೇಗೋ ಒಂದು ದಿನ ಚೇತರಿಸಿಕೊಂಡಾಳು. ತನ್ನ ಕೈಯಾರೆ ಗಂಡ ಹೋದನೆಂದು ತಿಳಿದರೆ ಆ ಹೆಂಗಸು ಉಳಿಯುವುದಿಲ್ಲ. ಹಾಗೆಂದು ಸುಮ್ಮನಿದ್ದರೆ? ಯಾರೋ ತುಂಬಿದ್ದಾರೆ ಎಂದು ಹುಡುಗಿ ಆಗಲೇ ಹೇಳಿಯಾಗಿದೆ. ಆ ಯಾರೋ ಯಾರೆಂದು ಅವಳು ಹುಡುಕದೆ ಬಿಡುವುದಿಲ್ಲ. ಹಿಡಿದರೆ ಬಿಡದ ರಕ್ತ ಅವಳದೂ ಹೌದು.

ಟೇಪ್ ಸಾಹೇಬರು ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. ದನಿ ತಗ್ಗಿಸಿ ಹೇಳಿದರು:

"ನಾನೇ ತುಂಬಿದೆ ಅಂತ ಬರೆದುಕೊಡ್ತೀನಿ. ಪೆನ್ನು ನನ್ನದೇ, ಜವಾಬ್ದಾರಿನೂ ನನ್ನದೇ. ನೋಡಿದವರು ಬೇರೆ ಯಾರೂ ಇಲ್ಲ. ನನಗೆ ಹಿಂದೆ ಮುಂದೆ ಯಾರೂ ಇಲ್ಲ ಸಾರ್, ನಡೆಯುತ್ತೆ. ನೀವು ಹೂಂ ಅಂದ್ರೆ ಸಾಕು."

ಮೂವತ್ತನಾಲ್ಕು ವರ್ಷದಲ್ಲಿ ದೊಡ್ಡಪ್ಪ ಒಂದು ಸುಳ್ಳು ವರದಿಗೂ ಸಹಿ ಹಾಕಿದವರಲ್ಲ. ಅದಕ್ಕಾಗಿ ಮೂರು ಸಲ ಎತ್ತಂಗಡಿಯಾಗಿದ್ದರು; ಆಗೆಲ್ಲ ತಮ್ಮ ಬಂದು ಸಾಮಾನು ಕಟ್ಟಿಕೊಡುತ್ತಿದ್ದ. ನಿರಪರಾಧಿಯೊಬ್ಬ ತಾನಾಗಿ ಬಂದು ತಪ್ಪು ಕೇಳಿ ಪಡೆಯುತ್ತಿದ್ದಾನೆ. ಒಂದು ಹೂಂ ಎಂದರೆ ಒಂದು ಮನೆ ಉಳಿಯುತ್ತದೆ. ಅವರು ಬಾಯಿ ತೆರೆದರು. ಹೂಂ ಎನ್ನುವುದಕ್ಕೇ ತೆರೆದರು.

"ದೊಡ್ಡಪ್ಪಾ."

ಮಿಣುಕು ಹಾಸು ದಾಟಿ ಬರುತ್ತಿದ್ದಳು, ಕಿವಿಯಲ್ಲಿ ಫೋನು. ಕೆನ್ನೆ ಇನ್ನೂ ಒದ್ದೆಯಿತ್ತು. ಹತ್ತಿರ ಬಂದು ಫೋನನ್ನು ಅಂಗೈಯಿಂದ ಮುಚ್ಚಿದಳು.

"ಅಮ್ಮನಿಗೆ ಹೇಳ್ಬಿಟ್ಟೆ. ನನ್ನ ಬೆಸುಗೆ ಸರಿ ಇತ್ತು, ಯಾರೋ ಟೇಪಿನ ಜಾಗಕ್ಕೆ ಪೆನ್ನಲ್ಲಿ ತುಂಬಿದ್ರು, ಅದಕ್ಕೇ ಹೀಗಾಯ್ತು ಅಂದೆ. ಅಳ್ತಾಳೆ ಅಂದ್ಕೊಂಡೆ. ಎಷ್ಟನೇ ತಿರುವು ಅಂತ ಕೇಳಿದ್ಲು. ಏಳನೇದು ಅಂದೆ." ಅವಳು ಹುಬ್ಬು ಗಂಟಿಕ್ಕಿದಳು. "ಆಮೇಲಿಂದ ಮಾತೇ ಆಡ್ತಿರಲಿಲ್ಲ. ಈಗ ನಿಮಗೆ ಕೊಡು ಅಂತಿದ್ದಾಳೆ."

ದೊಡ್ಡಪ್ಪ ಫೋನು ತೆಗೆದುಕೊಂಡು ಕಿವಿಗಿಟ್ಟರು. ಮಿಣುಕು ಕದಲದೆ ಅವರ ಮುಖವನ್ನೇ ನೋಡುತ್ತಾ ನಿಂತಳು.

"ಭಾವ," ಎಂದಿತು ಆ ಕಡೆಯ ದನಿ. ಅಳು ಇರಲಿಲ್ಲ, ನಡುಕವೂ ಇರಲಿಲ್ಲ. "ಆ ಕೈ ನಂದು ಅಂತ ಅವಳಿಗೆ ಗೊತ್ತಾ?"